ಗೋದಲಿ ಅಂದರೆ ಏನಜ್ಜಿ?

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ನಮ್ಮ ಅಜ್ಜಿಯ ಸತ್ಯವೇದ, ಅಂದರೆ ಬೈಬಲ್. ರಟ್ಟು ಕಿತ್ತುಹೋಗಿ, ಬಟ್ಟೆ ಹಾಕಿ ಹೊಲಿದಿದ್ದಾರೆ. ಯೇಸು ಹುಟ್ಟಿದ ಕಥೆ ಇರುವ ಲೂಕನ ಎರಡನೇ ಅಧ್ಯಾಯ ತೆಗೆಯುತ್ತೇನೆ, ಮೂಲೆಯಲ್ಲಿ ನೋಡಿ. ಹೆಬ್ಬೆರಳಿನಷ್ಟು ಎಣ್ಣೆ ಕಲೆ. ಒಂದು ಕೈಯಲ್ಲಿ ಕಿಡಿಯೊ ಅನ್ನುವ ಕ್ರಿಸ್‌ಮಸ್ ತಿಂಡಿ ಕರಿಯುತ್ತಾ, ಇನ್ನೊಂದರಲ್ಲಿ ಹಾಳೆ ತಿರುವಿ ನಮಗೆ ಓದಿ ಹೇಳುತ್ತಿದ್ದರು ಅಜ್ಜಿ.

ಮಂಗಳೂರಿನ ಡಿಸೆಂಬರ್ ಅಂದರೆ ಕುಸ್ವಾರ್, ಕ್ರಿಸ್‌ಮಸ್ ತಿಂಡಿಗಳು ತಾನೇ? ನಮ್ಮ ಕೆಲಸ ಕಿಡಿಯೊಗೆ ಗೆರೆ ಮೂಡಿಸುವುದು. ಅದಕ್ಕಂತಲೇ ಎತ್ತಿಟ್ಟ ಹೊಸ ಬಾಚಣಿಗೆಯ ಮೇಲೆ ಹಿಟ್ಟಿನ ಚೂರು ಒತ್ತಿ ಸುರುಳಿ ಸುತ್ತಬೇಕು. ಹಾಗೆ ಸುತ್ತುತ್ತಾ ಕೂತಿದ್ದ ಒಂದು ಸಂಜೆ ಕೇಳಿದೆ, "ಗೋದಲಿ ಅಂದರೆ ಏನಜ್ಜಿ?"

ಅಜ್ಜಿ ವಿವರಿಸಲಿಲ್ಲ. ಕುಸ್ವಾರ್ ತಟ್ಟೆ ಹಿಡಿದು ಪಕ್ಕದ ಮನೆಗೆ ಕರೆದುಕೊಂಡು ಹೋದರು. ತಟ್ಟೆ ಕೊಟ್ಟು, ಸೀದಾ ದನದ ಹಟ್ಟಿಗೆ. ಅಲ್ಲಿ ಕಲ್ಲಿನ ಮರಿಗೆ. ಅಂಚು ದನದ ಕುತ್ತಿಗೆ ಉಜ್ಜಿ ಉಜ್ಜಿ ನುಣುಪಾಗಿತ್ತು. ಒಳಗೆ ಅಕ್ಕಚ್ಚಿನ ಹುಳಿ ವಾಸನೆ. "ಇಂಥದ್ದರಲ್ಲೇ ಯೇಸುವನ್ನು ಮಲಗಿಸಿದ್ದು ಮಗಾ," ಅಂದರು. ನಾನು ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಪಾಪುಗೆ ಚಳಿ ಆಗಿರುತ್ತೆ ಅಲ್ವಾ ಅನ್ನಿಸಿ ಅಳು ಬಂತು.

ನನ್ನ ನಂಬಿಕೆ ಶುರುವಾದದ್ದು ಅಲ್ಲಿಂದ. ಚರ್ಚಿನಲ್ಲಿ ಕೇಳಿದ್ದೆಲ್ಲ ಆಮೇಲಿನದು.

ಬರೆಯುವವಳಾದ ಮೇಲೆ ಈ ಪದದ ಬೆನ್ನು ಹತ್ತಿದೆ. ಯೇಸು ಹುಟ್ಟಿದ ನಾಡಿನಲ್ಲೂ ಕಲ್ಲು ಕೊರೆದು ಮಾಡಿದ ಗೋದಲಿಗಳು ಇದ್ದವು. ಇಸ್ರೇಲಿನ ಹಳೆಯ ಊರು ಮೆಗಿದ್ದೋದಲ್ಲಿ ಅಗೆದಾಗ ಅಂಥವು ಸಿಕ್ಕಿವೆ. ಅದನ್ನು ಓದಿದ ದಿನ ಅಜ್ಜಿ ಇರಬೇಕಿತ್ತು ಅನ್ನಿಸಿತು.

ಕನ್ನಡದಲ್ಲಿ ಬರೆಯುವ ನನ್ನಂಥ ಕ್ರೈಸ್ತರಿಗೆ ಮಂಗಳೂರಿನ ಬಲ್ಮಠ ತವರುಮನೆ ಇದ್ದ ಹಾಗೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಅಚ್ಚುಕೂಟ ಮಂಗಳೂರಿನಲ್ಲಿ ಶುರುವಾದದ್ದು 1841ರಲ್ಲಿ. ಅದೇ ಮಿಷನ್ನಿನ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು 1894ರಲ್ಲಿ. ಸುಮಾರು 70,000 ಪದಗಳು. ಕವಿಗಳ ಮಾತಿನ ಪಕ್ಕದಲ್ಲೇ ಜನರ ಗಾದೆಗಳಿಗೂ ಅದರಲ್ಲಿ ಜಾಗ ಇದೆ. ಯೇಸುವಿನ ಕಥೆ ಹೇಳಲು ಬಂದವರು ಅಡುಗೆಮನೆಯ ಮಾತು, ಹೊಲದ ಮಾತು ಕೇಳುತ್ತಾ ಕೂತರಲ್ಲ, ಅದು ನನಗೆ ದೊಡ್ಡ ವಿಷಯ. ನನ್ನ ಕಥೆಗಳಲ್ಲಿ ಪ್ರಾರ್ಥನೆ ಬಂದಾಗ ದೊಡ್ಡ ದೊಡ್ಡ ಪದ ಹಾಕಲು ಮನಸ್ಸು ಒಪ್ಪುವುದಿಲ್ಲ. ಅಜ್ಜಿ ದೇವರ ಹತ್ತಿರ ಮಾತಾಡುತ್ತಿದ್ದದ್ದು ಹಾಲಿನವನ ಹತ್ತಿರ ಮಾತಾಡುವಷ್ಟೇ ಸಲೀಸಾಗಿ.

ಅಜ್ಜಿ ತೀರಿಕೊಂಡ ವರ್ಷ ಕ್ರಿಸ್‌ಮಸ್ ಬೇಡವೇ ಬೇಡ ಅಂತ ಕೂತಿದ್ದೆ. ನಕ್ಷತ್ರ ಕಟ್ಟಲಿಲ್ಲ, ಹಿಟ್ಟು ಕಲಸಲಿಲ್ಲ. ರಾತ್ರಿ ಸುಮ್ನೆ ಈ ಪುಸ್ತಕ ತೆಗೆದೆ. ಈ ಎಣ್ಣೆ ಕಲೆಗೇ ಬಂದು ನಿಂತಿತು. ಅದರ ಮೇಲೆ ಬೆರಳಿಟ್ಟುಕೊಂಡು ಜೋರಾಗಿ ಓದಿದೆ, ಒಬ್ಬಳೇ. ಬೆಳಿಗ್ಗೆ ಎದ್ದು ತೆಂಗಿನಕಾಯಿ ತುರಿದೆ.

ನಿನ್ನೆ ಮಗಳು ಅದೇ ಪ್ರಶ್ನೆ ಕೇಳಿದಳು. ಪಕ್ಕದ ಮನೆಯ ಹಟ್ಟಿ ಈಗಿಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಮೂಡುಬಿದಿರೆ ಕಡೆ ಗೆಳತಿಯ ಮನೆಯಲ್ಲಿ ಎರಡು ದನ ಇವೆ. ನಾಳೆ ಬೆಳಿಗ್ಗೆ ಹೊರಡುತ್ತೇವೆ. ಇಗೋ, ಕುಸ್ವಾರ್ ಡಬ್ಬಿ ತುಂಬಿಸಿ ಇಟ್ಟಿದ್ದೇನೆ.