ಎದುರಿಗೆ ಕೂತ ಮನುಷ್ಯ: ಬೆಳಗಾವಿಯ ಕೆ.ಬಿ. ಕುಲಕರ್ಣಿ

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯ ಚಿತ್ರಕಾರ ಕೆ.ಬಿ. ಕುಲಕರ್ಣಿ ಅವರ ಬಗ್ಗೆ ಇವತ್ತು ನಾಲ್ಕು ಮಾತು ಹೇಳುತ್ತೇನೆ. ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಇದ್ದ ಹಾಗೆ ಬರೆಯುವುದು ಅವರ ದಾರಿ.

1956ರ ತನಕ ಬೆಳಗಾವಿ ಇದ್ದದ್ದು ಮುಂಬೈ ರಾಜ್ಯದಲ್ಲಿ, ಅಲ್ವಾ? ಹಾಗಾಗಿ ಈ ಕಡೆಯ ಚಿತ್ರಕಾರರಿಗೆ ಮುಂಬೈಯ ಜೆ.ಜೆ. ಕಲಾಶಾಲೆಯೇ ದೊಡ್ಡ ಮಾದರಿ. 1857ರಲ್ಲಿ ಶುರುವಾದ ಶಾಲೆ ಅದು. ಮೊದಲು ಪ್ಲಾಸ್ಟರ್ ಮೂರ್ತಿ ನೋಡಿ ಬರೆಯಬೇಕು, ಕೈ ಪಳಗಿದ ಮೇಲೆ ಜೀವಂತ ಮಾಡೆಲ್. ಆ ವಾಸ್ತವ ಶೈಲಿಯನ್ನು ಕುಲಕರ್ಣಿಯವರು ಬೆಳಗಾವಿಯಲ್ಲಿ ಬೇರೂರಿಸಿದರು. ಅವರ ‘ಚಿತ್ರಮಂದಿರ’ ಅನ್ನುವ ಚಿತ್ರಕಲಾ ಶಾಲೆಯಲ್ಲಿ ಊರಿನ ಹುಡುಗರು ಬ್ರಷ್ ಹಿಡಿಯಲು ಕಲಿತರು.

ಈ ಶೈಲಿ ನೋಡಲು ಸುಲಭ, ಮಾಡಲು ಬಲು ಕಷ್ಟ. ಪಟಕ ಸುತ್ತಿದ ಒಬ್ಬ ಅಜ್ಜ ಕಿಟಕಿ ಪಕ್ಕ ಕೂತಿದ್ದಾನೆ ಅನ್ನಿ. ಕಲಿಯುವ ಹುಡುಗ ಮೊದಲು ಮೀಸೆ, ರೆಪ್ಪೆ ಬರೆಯಲು ಹೊರಡುತ್ತಾನೆ. ಅದು ಆಮೇಲೆ. ಮೊದಲು ಕಣ್ಣು ಕಿರಿದು ಮಾಡಿ ನೋಡಬೇಕು. ಆಗ ಸಣ್ಣಪುಟ್ಟ ಗೆರೆಗಳೆಲ್ಲ ಮಾಯವಾಗಿ, ಬೆಳಕು ಎಲ್ಲಿ, ನೆರಳು ಎಲ್ಲಿ ಅನ್ನುವುದಷ್ಟೇ ಉಳಿಯುತ್ತದೆ. ನೆರಳೂ ಬರೀ ಕಪ್ಪಲ್ಲ. ಬಿಳಿ ಅಂಗಿಗೆ ಬಿದ್ದ ಬೆಳಕು ಗದ್ದದ ಅಡಿಗೆ ಚಿಮ್ಮಿ, ಅಲ್ಲಿ ಸಣ್ಣ ಹೊಳಪು ಇರುತ್ತದೆ. ಕಿವಿಯ ಹಿಂದಿನಿಂದ ಬಿಸಿಲು ಬಂದರೆ ಕಿವಿ ಕೆಂಪಗೆ ಕಾಣುತ್ತದೆ. ಮೂಗಿನ ತುದಿಯ ಬಿಳಿ ಚುಕ್ಕೆ ಕಟ್ಟಕಡೆಗೆ. ಎಣ್ಣೆಬಣ್ಣದಲ್ಲಿ ತಪ್ಪಿದರೆ ಕೆರೆದು ಮತ್ತೆ ಹಚ್ಚಬಹುದು. ಜಲವರ್ಣದಲ್ಲಿ ಆ ಸೌಲಭ್ಯ ಕಡಿಮೆ. ಬೆಳಕು ಬೇಕಾದ ಕಡೆ ಕಾಗದವನ್ನು ಸುಮ್ನೆ ಖಾಲಿ ಬಿಡುವ ಧೈರ್ಯ ಬೇಕು.

ಇಂಥ ಪಾಠ ಹೇಳಿಕೊಡಲು ಜಾಸ್ತಿ ತಾಳ್ಮೆ ಬೇಕು. ಕುಲಕರ್ಣಿಯವರಲ್ಲಿ ಅದಿತ್ತು ಅನ್ನುವುದಕ್ಕೆ ಅವರ ಶಿಷ್ಯರೇ ಸಾಕ್ಷಿ. ಬೆಳಗಾವಿಯಲ್ಲೇ ಹುಟ್ಟಿದ ರವಿ ಪರಾಂಜಪೆ ದೇಶಕ್ಕೇ ಗೊತ್ತಾದ ಚಿತ್ರಕಾರರಾದರು. 2022ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಇನ್ನೊಬ್ಬರು ಜಾನ್ ಫರ್ನಾಂಡಿಸ್. ಭಾವಚಿತ್ರಗಳಿಗೆ ಹೆಸರಾದ ಅವರು ಮುಂದೆ ಜೆ.ಜೆ. ಕಲಾಶಾಲೆಯಲ್ಲೇ ಮೇಷ್ಟ್ರಾದರು. ಮುಂಬೈಯಿಂದ ಬಂದ ವಿದ್ಯೆ ಬೆಳಗಾವಿಯ ಹುಡುಗನ ಕೈಯಲ್ಲಿ ಮುಂಬೈಗೇ ಹೋಯಿತು ನೋಡಿ. ನನಗಂತೂ ಗುರುವಿನ ದೊಡ್ಡ ಚಿತ್ರ ಇದೇ ಅನ್ನಿಸುತ್ತದೆ.

ಕುಲಕರ್ಣಿಯವರದಾಗಲಿ, ಅವರ ಶಿಷ್ಯರದಾಗಲಿ, ಒಂದು ಭಾವಚಿತ್ರ ಕಣ್ಣಿಗೆ ಬಿದ್ದರೆ ಹತ್ತಿರ ಹೋಗಿ, ಕೈಬೆರಳು ನೋಡಿ. ಮುಖದ ಹೋಲಿಕೆ ಹೇಗೋ ತರಬಹುದು, ಬೆರಳಿಗೆ ಜೀವ ತರುವುದು ಎಲ್ಲರ ಕೈಲಾಗದ ಕೆಲಸ.

ನಮಸ್ಕಾರ.