ಆನ್‌ಲೈನ್ ಕ್ಯಾಸಿನೊ: ಕರ್ನಾಟಕದಲ್ಲಿ ಯಾರ ಪರವಾನಗಿಗೆ ಬೆಲೆ?

[ಪರದೆಯ ಮೇಲೆ: ಕ್ಯಾಸಿನೊ ಆ್ಯಪ್ ಒಂದರ ಪುಟ, ತಳದಲ್ಲಿ ಸಣ್ಣಕ್ಷರದ ಸಾಲು]

ನಮಸ್ಕಾರ. ರೂಲೆಟ್, ಸ್ಲಾಟ್, ಅಂದರ್ ಬಾಹರ್ ಆಡಿಸುವ ಎಷ್ಟೋ ಜಾಲತಾಣಗಳು ತಮಗೆ ಕೆರಿಬಿಯನ್ ದ್ವೀಪವಾದ ಕುರಸಾವೊದ ಪರವಾನಗಿ ಇದೆಯೆಂದು ಪುಟದ ತಳದಲ್ಲಿ ಬರೆದುಕೊಂಡಿರುತ್ತವೆ. ಆ ಮಾತು ನಿಜವೇ ಆಗಿದ್ದರೂ ಕರ್ನಾಟಕದಲ್ಲಿ ಅದಕ್ಕೆ ಮಾನ್ಯತೆ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 34ನೇ ನಮೂದು ಪಣ ಮತ್ತು ಜೂಜಿನ ಬಗ್ಗೆ ಕಾನೂನು ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಗೋವಾ ತನ್ನ 1976ರ ಕಾಯ್ದೆಗೆ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಿಗೂ ಹಡಗುಗಳಿಗೂ ಕ್ಯಾಸಿನೊ ಅನುಮತಿ ನೀಡುತ್ತದೆ. ಆದರೆ ಮಾಂಡೋವಿ ನದಿಯ ಹಡಗಿಗೆ ಸಿಕ್ಕ ಅನುಮತಿ ಗಡಿ ದಾಟಿ ಕಾರವಾರದವರ ಮೊಬೈಲಿಗೆ ಬರುವುದಿಲ್ಲ. ನಮ್ಮಲ್ಲಂತೂ ಕ್ಯಾಸಿನೊಗೆ ಪರವಾನಗಿ ಕೊಡುವ ವ್ಯವಸ್ಥೆಯೇ ಇಲ್ಲ.

[ಪರದೆಯ ಮೇಲೆ: ಕರ್ನಾಟಕ ಪೊಲೀಸ್ ಕಾಯ್ದೆ, 1963]

ಇಲ್ಲಿ ಜೂಜನ್ನು ಶಿಕ್ಷಿಸುವ ಈ ಕಾಯ್ದೆಯನ್ನು ಬರೆದದ್ದು ಜೂಜಿನ ಅಡ್ಡೆಯನ್ನೂ ಬೀದಿಯ ಜೂಜನ್ನೂ ಮನಸ್ಸಿನಲ್ಲಿಟ್ಟುಕೊಂಡು. ದಾಳಿಯ ಪಂಚನಾಮೆಯಲ್ಲಿ ಸಾಮಾನ್ಯವಾಗಿ ಕಾಣುವುದು 52 ಇಸ್ಪೀಟ್ ಎಲೆ, ನೆಲಕ್ಕೆ ಹಾಸಿದ ಹಳೆಯ ಪೇಪರು, ಪಣಕ್ಕಿಟ್ಟ ನಗದು. ಸರ್ವರ್ ವಿದೇಶದಲ್ಲಿದ್ದು ಹಣ ಯುಪಿಐ ಮೂಲಕ ಹರಿದುಹೋಗುವ ಆಟದಲ್ಲಿ ಪಂಚರು ಸಹಿ ಹಾಕುವುದಾದರೂ ಯಾವುದಕ್ಕೆ?

ಈ ಕೊರತೆ ತುಂಬಲೆಂದು 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿಯು, ಕೌಶಲದ ಆಟ ಯಾವುದು, ಅದೃಷ್ಟದ ಆಟ ಯಾವುದು ಎಂದು ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಒಂದೇ ಏಟಿಗೆ ನಿಷೇಧಿಸಿತು. ನನ್ನ ದೃಷ್ಟಿಯಲ್ಲಿ ಅವಸರದ ಕರಡು ಅದು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಹಾಗಾದರೆ ಆನ್‌ಲೈನ್ ಜೂಜು ಸಕ್ರಮವಾಯಿತೆಂದು ತಿಳಿದವರಿದ್ದಾರೆ, ಅದು ಸರಿಯಲ್ಲ. ನ್ಯಾಯಾಲಯದ ರಕ್ಷಣೆ ದೊರೆತದ್ದು ಕೌಶಲದ ಆಟಗಳಿಗೆ. ಜೂಜಿನ ವಿರುದ್ಧ ಸಂವಿಧಾನಬದ್ಧವಾಗಿ ಹೊಸ ಕಾನೂನು ತರಲು ಅಡ್ಡಿಯಿಲ್ಲವೆಂದು ತೀರ್ಪೇ ಹೇಳಿದೆ. ತಿರುಗುವ ರೂಲೆಟ್ ಚಕ್ರದಲ್ಲಿ ಆಡುವವನ ಕೌಶಲಕ್ಕೆ ಜಾಗವೆಲ್ಲಿದೆ?

ನೆರೆಯ ತಮಿಳುನಾಡು 2023ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಜಾರಿಗೆ ತಂದು, ಆಡಿಸುವವರಿಗೆ 3 ವರ್ಷದವರೆಗೆ ಜೈಲು ಅಥವಾ 10 ಲಕ್ಷ ರೂಪಾಯಿವರೆಗೆ ದಂಡ, ಆಡುವವರಿಗೂ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡವೆಂದು ನಿಗದಿಪಡಿಸಿತು. ಸಂಸತ್ತು ಅಂಗೀಕರಿಸಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಕಾಯ್ದೆ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ: ಹಣದ ಆಟ ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷ, ಆಡಿದವರಿಗೆ ಶಿಕ್ಷೆಯಿಲ್ಲ. ಹಣ ಸಾಗಿಸುವ ಬ್ಯಾಂಕು ಮತ್ತು ಪಾವತಿ ಸಂಸ್ಥೆಗಳನ್ನೂ ಅದು ಹೊಣೆಯಾಗಿಸುತ್ತದೆ. ದ್ವೀಪದಲ್ಲಿ ಕುಳಿತವನನ್ನು ಹಿಡಿಯುವುದಕ್ಕಿಂತ ಅವನಿಗೆ ಹಣ ತಲುಪುವ ದಾರಿಯನ್ನು ಮುಚ್ಚುವುದು ಸುಲಭ.