5,000 ರೂಪಾಯಿಯಲ್ಲಿ ಮೊದಲ ಚಾಕು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ನಮಸ್ಕಾರ. ಚಾಕು ಮಾಡುವ ಆಸೆ ಇದೆ, ಆದರೆ ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ ಅನ್ನುವವರಿಗೆ ಈ ವಿಡಿಯೋ. ಹಿಂದೆ ಕೇಳುತ್ತಿರುವ ಸದ್ದು ಮಳೆಯದು. ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಶೆಡ್ಡಿಗೆ ತಗಡಿನ ಮಾಡು. ಕಕ್ಕಡದ ಮಳೆಗೆ ಮೈಕ್ ಎಲ್ಲಿಟ್ಟರೂ ಆ ಸದ್ದು ಬಂದೇ ಬರುತ್ತದೆ.

ಈಗ ನಿಮಗೆ ಕಾಣುತ್ತಿರುವುದೇ ನನ್ನ ಪೂರ್ತಿ ವರ್ಕ್‌ಶಾಪ್. ಹಲಸಿನ ಹಲಗೆಯ ಮೇಜು, ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ವೈಸ್, ಒಂದು ದೊಡ್ಡ ಅರ, ಒಂದು ಚಿಕ್ಕ ಅರ, ಆಕ್ಸಾ ಬ್ಲೇಡ್, ಪಕ್ಕದ ಮನೆಯಿಂದ ಕೇಳಿ ತಂದ ಡ್ರಿಲ್. ಅಷ್ಟೇ. ಎಲ್ಲರೂ ಮೊದಲು ಕೇಳುವುದು ಯಾವ ಬೆಲ್ಟ್ ಗ್ರೈಂಡರ್ ತೆಗೆದುಕೊಳ್ಳಲಿ ಅಂತ. ಈಗಲೇ ಬೇಡ. ಮಿಷನ್ ಕೆಲಸವನ್ನು ಬೇಗ ಮಾಡುತ್ತದೆ, ತಪ್ಪನ್ನೂ ಅಷ್ಟೇ ಬೇಗ ಮಾಡುತ್ತದೆ. ಅರ ನಿಧಾನ, ಹಾಗಾಗಿ ಕೆಟ್ಟು ಹೋಗುವ ಮೊದಲೇ ಕೈ ನಿಲ್ಲಿಸಬಹುದು. ನನ್ನ ಮಾತು ಇಷ್ಟೇ: ಮಿಷನ್ ವಿಷಯದಲ್ಲಿ ಉಳಿಸಿ, ಸ್ಟೀಲಿನಲ್ಲಿ ದುಡ್ಡು, ಬೆಂಕಿಯಲ್ಲಿ ಶ್ರಮ ಉಳಿಸಬೇಡಿ. ಚಾಕು ಅನ್ನಿಸಿಕೊಳ್ಳುವುದು ಆ ಎರಡರಿಂದಲೇ.

ಕೊಡಗಿನಲ್ಲಿ ಚಾಕು ಮಾಡುತ್ತೇನೆ ಅಂದರೆ ಸಾಕು, "ಹಾಗಾದರೆ ಪೀಚೆಕತ್ತಿ ಮಾಡು" ಅನ್ನುತ್ತಾರೆ. ಕೊಡವರ ನಿಲುವಂಗಿ ಕುಪ್ಯದ ಮೇಲೆ, ಸೊಂಟಕ್ಕೆ ಸುತ್ತುವ ಚೇಲೆಗೆ ಸಿಕ್ಕಿಸುವ ಚಿಕ್ಕ ಕತ್ತಿ ಈ ಪೀಚೆಕತ್ತಿ. ಅದರಲ್ಲಿ ಅರ್ಧ ಕೆಲಸ ಕುಲುಮೆಯದು, ಅರ್ಧ ಬೆಳ್ಳಿ ಕೆಲಸದವರದು. ಇನ್ನು ಕೊಡವರ ದೊಡ್ಡ ಕತ್ತಿ, ಒಡಿಕತ್ತಿ. ಅದರ ಅಲಗು ಅಗಲ, ಅದರ ಮೇಲೆ ಬಾಗು ಬೇರೆ. ಎರಡರ ಮೇಲೂ ನನಗೆ ತುಂಬಾ ಗೌರವ ಇದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿ ಜೊತೆ ಇಟ್ಟು, ತೋಕ್ ಪೂ ಅನ್ನುವ ಹೂವು ಏರಿಸಿ ಪೂಜೆ ಮಾಡುವ ವಸ್ತುಗಳವು. ಅದಕ್ಕೇ ಅವುಗಳನ್ನು ಕಲಿಕೆಯ ತುಂಡು ಮಾಡಿಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ವಿಷಯವೂ ಇದೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳ ಲೆಕ್ಕಕ್ಕೆ ಬರುತ್ತದೆ. ಮನೆ ಕೆಲಸಕ್ಕೆ, ಕೃಷಿಗೆ ಅಂತ ಮಾಡಿದ್ದಕ್ಕೆ ವಿನಾಯಿತಿ ಇದೆ. ಮೊದಲ ಸಲ ಅಡುಗೆಮನೆಯ ಚಾಕು ಮಾಡಿ. ಅಲಗು 5 ಇಂಚು, ಹಿಡಿ 4 ಇಂಚು. ದಿನಾ ಕೈಗೆ ಬರುತ್ತದೆ, ಏನು ಸರಿಯಿಲ್ಲ ಅಂತ ವಾರದೊಳಗೆ ಗೊತ್ತಾಗುತ್ತದೆ.

ಡಿಸೈನ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದಾಗ ಕತ್ತಿ, ಚಾಕು ಇಟ್ಟುಕೊಂಡವರ ಹತ್ತಿರ ನಾಲ್ಕು ಹಿಡಿದು ನೋಡಿ. ಯಾವುದು ಕೈಗೆ ಸರಿಯಾಗಿ ಕೂರುತ್ತದೋ ಅದರ ಆಕಾರ ನೆನಪಿಟ್ಟುಕೊಂಡು, ಮನೆಗೆ ಬಂದು ದಪ್ಪ ರಟ್ಟಿನ ಮೇಲೆ ಬರೆದು ಕತ್ತರಿಸಿ. ಆ ರಟ್ಟನ್ನು ಹಿಡಿದು ಈರುಳ್ಳಿ ಹೆಚ್ಚುವ ಹಾಗೆ ಕೈ ಆಡಿಸಿ. ಬೆರಳಿನ ಗೆಣ್ಣು ಹಲಗೆಗೆ ತಾಗಿದರೆ ಅಲಗಿನ ಅಗಲ ಸಾಲದು.

ಈಗ ಸ್ಟೀಲ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮ ಕಡೆ ಜೀಪಿಗೆ ಬರ ಇಲ್ಲ. ಗ್ಯಾರೇಜಿನ ಹಿಂದೆ ಹಳೇ ಜೀಪಿನ ಸ್ಪ್ರಿಂಗ್ ಪಟ್ಟೆ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ತೋಟದ ಕತ್ತಿಗೆ ಒಳ್ಳೆಯ ಲೋಹ ಅದು. ಕುಲುಮೆಯವರು ಅದನ್ನು ಕಾಯಿಸಿ ಬಡಿದು ತೆಳ್ಳಗೆ ಮಾಡುತ್ತಾರೆ. ಆದರೆ ನಿಮ್ಮ ಹತ್ತಿರ ಇರುವುದು ಅರ ಮಾತ್ರ. ಪಟ್ಟೆ ದಪ್ಪ, ಬಾಗಿರುತ್ತದೆ, ಮೊದಲೇ ಗಟ್ಟಿ ಮಾಡಿದ್ದು. ಮೊದಲು ಕೆಂಪಗೆ ಕಾಯಿಸಿ, ಬೂದಿಯಲ್ಲಿ ರಾತ್ರಿಯಿಡೀ ಹೂತಿಟ್ಟು ಮೆತ್ತಗೆ ಮಾಡಬೇಕು. ಆಮೇಲೆ ನೇರ ಮಾಡಬೇಕು. ಆಮೇಲೆ ಅಷ್ಟು ದಪ್ಪವನ್ನು ಉಜ್ಜಿ ಇಳಿಸಬೇಕು. ಇಷ್ಟೆಲ್ಲ ಆದ ಮೇಲೂ, ವರ್ಷಗಟ್ಟಲೆ ಗುಂಡಿ ರಸ್ತೆಯಲ್ಲಿ ಬಾಗಿ ಬಾಗಿ ಒಳಗೆ ಬಿಟ್ಟಿರುವ ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿ ಎಣ್ಣೆಗೆ ಹಾಕಿ ಗಟ್ಟಿ ಮಾಡುವ ದಿನ "ಟಿಕ್" ಅಂತ ಸದ್ದು ಬಂದಾಗಲೇ ಗೊತ್ತಾಗುವುದು. ಪುಕ್ಕಟೆ ಸಿಕ್ಕ ಕಬ್ಬಿಣ ನಿಮ್ಮ ಅಷ್ಟೂ ದಿನದ ಶ್ರಮವನ್ನು ತೆಗೆದುಕೊಂಡು ಹೋಗುತ್ತದೆ.

ಗ್ರಿಲ್, ಗೇಟು ಮಾಡುವ ಮೈಲ್ಡ್ ಸ್ಟೀಲ್ ಪಟ್ಟಿ ಅಂತೂ ಬೇಡವೇ ಬೇಡ. ಅದರಲ್ಲಿ ಕಾರ್ಬನ್ ತೀರಾ ಕಮ್ಮಿ. ಎಷ್ಟು ಕಾಯಿಸಿ ಎಣ್ಣೆಗೆ ಹಾಕಿದರೂ ಚಾಕುವಿಗೆ ಬೇಕಾದಷ್ಟು ಗಟ್ಟಿ ಆಗುವುದಿಲ್ಲ.

ಹಾಗಾಗಿ ಗ್ರೇಡ್ ಗೊತ್ತಿರುವ ಹೊಸ ಸ್ಟೀಲ್ ತರಿಸಿ. ನನ್ನ ಆಯ್ಕೆ 1084, ದಪ್ಪ 3 ಮಿಲಿಮೀಟರ್. ಈ ನಂಬರಿನಲ್ಲೇ ವಿಷಯ ಇದೆ. ಮೊದಲಿನ 10 ಅಂದರೆ ಸಾದಾ ಕಾರ್ಬನ್ ಸ್ಟೀಲ್. ಕೊನೆಯ 84 ಅಂದರೆ ಕಾರ್ಬನ್ ಸುಮಾರು 0.84 ಶೇಕಡಾ. ಈ ಪ್ರಮಾಣದಲ್ಲಿ ಸರಿಯಾದ ಬಿಸಿ ಮುಟ್ಟಿದರೆ ಸಾಕು, ಅದೇ ಬಿಸಿಯಲ್ಲಿ ತುಂಬಾ ಹೊತ್ತು ಹಿಡಿದಿಡಬೇಕಾಗಿಲ್ಲ. ಇದ್ದಿಲ ಒಲೆಯಲ್ಲಿ ಕೆಲಸ ಮಾಡುವವರಿಗೆ ಅದೇ ದೊಡ್ಡ ಅನುಕೂಲ. 1075 ಸಿಕ್ಕರೂ ಆಗುತ್ತದೆ. ಅಂಗಡಿಯವರು ಇಎನ್ 31 ತೋರಿಸಬಹುದು. ಅದು ಬೇರಿಂಗ್ ಸ್ಟೀಲ್, ಒಳ್ಳೆಯದೇ. ಆದರೆ ಅದಕ್ಕೆ ಒಂದೇ ಬಿಸಿಯಲ್ಲಿ ಹತ್ತು ನಿಮಿಷವಾದರೂ ನಿಲ್ಲಿಸುವ ಫರ್ನೇಸ್ ಬೇಕು. ಅದನ್ನು ಮುಂದೆ ನೋಡೋಣ.

ರಟ್ಟಿನ ಆಕಾರವನ್ನು ಸ್ಟೀಲ್ ಮೇಲೆ ಬರೆದು ಆಕ್ಸಾ ಬ್ಲೇಡಿನಿಂದ ಕತ್ತರಿಸಿಕೊಳ್ಳಿ. ಬನ್ನಿ, ಈಗ ಅರ ಹಿಡಿಯೋಣ. ಕ್ಯಾಮೆರಾ ಹತ್ತಿರ ತಂದಿದ್ದೇನೆ, ಕೈ ನೋಡಿ. ಅರದ ಹಲ್ಲು ಮುಂದಕ್ಕೆ ಮುಖ ಮಾಡಿರುತ್ತದೆ. ಮುಂದೆ ತಳ್ಳುವಾಗ ಮಾತ್ರ ಒತ್ತಬೇಕು. ಹಿಂದೆ ತರುವಾಗ ಎತ್ತಿಬಿಡಿ, ಎಳೆದರೆ ಹಲ್ಲು ಮೊಂಡಾಗುತ್ತದೆ. ಹಲ್ಲಿನ ಸಂದಿಯಲ್ಲಿ ಕಬ್ಬಿಣದ ಪುಡಿ ಸಿಕ್ಕಿಕೊಂಡರೆ ಅಲಗಿನ ಮೇಲೆ ಆಳವಾದ ಗೀರು ಬೀಳುತ್ತದೆ. ಅದಕ್ಕೆ ಅರಕ್ಕೆ ಮೊದಲೇ ಸೀಮೆಸುಣ್ಣ ಉಜ್ಜುತ್ತೇನೆ, ನಡುನಡುವೆ ವೈರ್ ಬ್ರಷ್ ಎಳೆಯುತ್ತೇನೆ. ಸರಿಯಾಗಿ ಕಡಿಯುತ್ತಿರುವ ಅರದ ಸದ್ದೇ ಬೇರೆ, ಕೇಳಿ. ಒಂದೇ ಸಮನೆ "ಸರ್ರ್" ಅನ್ನುತ್ತದೆ. ಕಿರ್ ಅಂತ ಕಿರುಚಿದರೆ ಒತ್ತಡ ಕಮ್ಮಿ ಆಗಿದೆ, ಇಲ್ಲಾ ತುಂಡು ಅಲುಗಾಡುತ್ತಿದೆ ಅಂತ ಅರ್ಥ.

ಅಲಗು ಹರಿತದ ಕಡೆಗೆ ತೆಳ್ಳಗಾಗುತ್ತಾ ಹೋಗುವ ಇಳಿಜಾರು ತೆಗೆಯುವ ಮೊದಲು, ಆ ಕಡೆಯ ಅಂಚಿಗೆ, ಅಂದರೆ ಬಾಯಿಗೆ, ಮಾರ್ಕರ್ ಬಳಿಯಿರಿ. ಅಲಗಿನ ದಪ್ಪದಷ್ಟೇ ಇರುವ ಡ್ರಿಲ್ ಬಿಟ್ ತೆಗೆದುಕೊಂಡು ಎರಡನ್ನೂ ಸಮ ನೆಲದ ಮೇಲೆ ಮಲಗಿಸಿ, ಬಿಟ್‌ನ ಮೊನೆಯಿಂದ ಅಂಚಿನುದ್ದಕ್ಕೂ ಗೆರೆ ಎಳೆಯಿರಿ. ಗೆರೆ ಸರಿಯಾಗಿ ನಡುವೆ ಬೀಳುತ್ತದೆ. ಎರಡೂ ಕಡೆಯಿಂದ ಆ ಗೆರೆಯತ್ತ ಉಜ್ಜುತ್ತಾ ಬನ್ನಿ. ಆದರೆ ಈಗಲೇ ಹರಿತ ಮಾಡಬೇಡಿ. ಬಾಯಿ ಸುಮಾರು 1 ಮಿಲಿಮೀಟರ್ ದಪ್ಪ ಉಳಿಯಲಿ. ಅದಕ್ಕಿಂತ ತೆಳ್ಳಗಾದರೆ ಎಣ್ಣೆಗೆ ಹಾಕುವಾಗ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಹಿಡಿಯ ತೂತುಗಳನ್ನೂ ಈಗಲೇ ಕೊರೆಯಬೇಕು, ಗಟ್ಟಿ ಆದ ಮೇಲೆ ಸಾದಾ ಬಿಟ್ ಇಳಿಯುವುದಿಲ್ಲ. ಕೊರೆಯುವಾಗ ತುಂಡನ್ನು ಕೈಯಲ್ಲಿ ಹಿಡಿಯಬೇಡಿ, ವೈಸಿಗೆ ಕಟ್ಟಿ. ಬಿಟ್ ಸಿಕ್ಕಿಹಾಕಿಕೊಂಡರೆ ಅಲಗು ಗಿರ್ರನೆ ತಿರುಗುತ್ತದೆ. ಕನ್ನಡಕ, ಮಾಸ್ಕ್ ಎರಡೂ ಬಜೆಟ್ಟಿನ ಒಳಗೇ ಇರಲಿ. ಅಲ್ಲಿ ಉಳಿತಾಯ ಬೇಡ.

ಇನ್ನು ಬೆಂಕಿ. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟ ಆಗುವ ಭಾಗ ಇದು.

ಒಲೆಗೆ ಖರ್ಚು ಹೆಚ್ಚೇನಿಲ್ಲ. ಇಟ್ಟಿಗೆ ಜೋಡಿಸಿ, ಮಣ್ಣು ಮೆತ್ತಿ, ಕೆಳಗೊಂದು ಕಬ್ಬಿಣದ ಪೈಪ್. ಪೈಪಿನ ಆ ತುದಿಗೆ ಹಳೇ ಹೇರ್ ಡ್ರೈಯರ್. ಪೈಪ್ ಮಾತ್ರ ಜಿಐ ಆಗಬಾರದು. ಅದರ ಮೇಲಿನ ಸತು ಕಾದು ಹೊಗೆ ಬಂದರೆ, ಅದನ್ನು ಉಸಿರಾಡಿದವರಿಗೆ ಜ್ವರ ಹಿಡಿಯುತ್ತದೆ. ಹೊಳೆಯಿಂದ ತಂದ ಕಲ್ಲೂ ಬೇಡ. ಒಳಗೆ ನೀರು ಹಿಡಿದಿರುತ್ತದೆ, ಕಾದಾಗ ಸಿಡಿಯುತ್ತದೆ. ಇದ್ದಿಲಿಗೆ ತೆಂಗಿನ ಚಿಪ್ಪಿನದು ಚೆನ್ನಾಗಿದೆ, ಬಿಸಿ ಜೋರು. ಕಲ್ನಾರಿನ ಶೀಟಿನ ಕೆಳಗೆ, ಗೋಣಿಚೀಲ ಪೇರಿಸಿಟ್ಟ ಕಡೆ ಒಲೆ ಹಾಕಬೇಡಿ. ಗಾಳಿ ಆಡುವ ಜಾಗ ಬೇಕು.

ಎಷ್ಟು ಬಿಸಿ ಅಂತ ಗೊತ್ತಾಗುವುದು ಹೇಗೆ? ಥರ್ಮಾಮೀಟರ್ ಇಲ್ಲ. ನಮ್ಮೂರ ಕುಲುಮೆಯ ಆಚಾರ್ರು ಹೇಳಿಕೊಟ್ಟಿದ್ದು: "ಮೊದ್ಲು ಲೈಟ್ ಆರ್ಸು ಮಗಾ, ಬಿಸಿಲಲ್ಲಿ ಬೆಂಕಿ ಬಣ್ಣ ಸುಳ್ಳು ಹೇಳ್ತದೆ." ಅಕ್ಷರಶಃ ನಿಜ. ಹೊರಗೆ ಮಂದ ಕೆಂಪು ಕಾಣುವ ಅಲಗು ಕತ್ತಲಲ್ಲಿ ಕಿತ್ತಳೆ ಬಣ್ಣದ್ದು. ಅದಕ್ಕೇ ಸಂಜೆ ಹೊತ್ತು ಮಾಡುತ್ತೇನೆ.

ಬಣ್ಣದ ಜೊತೆಗೆ ಎರಡು ಪರೀಕ್ಷೆ ಇಟ್ಟುಕೊಳ್ಳಿ. ಒಂದು, ಅಯಸ್ಕಾಂತ. ಕಬ್ಬಿಣ ಸುಮಾರು 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟುಬಿಡುತ್ತದೆ. ಅಲ್ಲಿಗೆ ನಿಲ್ಲಿಸಬಾರದು, 1084ಗೆ ಇನ್ನೂ ಸ್ವಲ್ಪ ಮೇಲೆ, 815ರ ಆಸುಪಾಸು ಬೇಕು. ಎರಡನೆಯದು ಅಡುಗೆ ಉಪ್ಪು. ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಅಲಗಿನ ಮೇಲೆ ಒಂದು ಚಿಟಿಕೆ ಉದುರಿಸಿ. ಹರಳು ಹಾಗೇ ಕೂತಿದ್ದರೆ ಬಿಸಿ ಸಾಲದು. ಕರಗಿ ಹೊಳೆಯುವ ಹನಿಯಾದರೆ ಇನ್ನೊಂದೇ ಉಸಿರು ಕಾದು ತೆಗೆಯಿರಿ. ಐದು ಪೈಸೆ ಖರ್ಚಿಲ್ಲದ ಅಳತೆ ಇದು. ತೆಳ್ಳಗಿನ ಬಾಯಿ ಮತ್ತು ಮೊನೆ ಬೇಗ ಕಾಯುತ್ತವೆ, ಹಾಗಾಗಿ ಅಲಗನ್ನು ಹಿಂದೆ ಮುಂದೆ ಆಡಿಸುತ್ತಾ ಇಡೀ ಅಲಗು ಒಂದೇ ಬಣ್ಣಕ್ಕೆ ಬರುವ ಹಾಗೆ ನೋಡಿಕೊಳ್ಳಿ. ಹಳದಿಗೆ ತಿರುಗಿದರೆ ಅತಿಯಾಯಿತು. ಒಳಗಿನ ಕಣ ದಪ್ಪಗಾಗಿ ಚಾಕು ಪೆಡಸಾಗುತ್ತದೆ.

ಎಣ್ಣೆ ಸೂರ್ಯಕಾಂತಿಯದು ಸಾಕು. ಕರೀ ಇಂಜಿನ್ ಆಯಿಲ್ ಬೇಡ, ಅದರ ಹೊಗೆ ವಿಷ. ನೀರೂ ಬೇಡ, ಈ ಸ್ಟೀಲ್ ನೀರಿಗೆ ಬಿದ್ದರೆ ಸೀಳುವ ಸಂಭವ ಜಾಸ್ತಿ. ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ. ತಣ್ಣನೆಯ ಎಣ್ಣೆ ಮಂದವಾಗಿ, ಬಿಸಿಯನ್ನು ನಿಧಾನ ಎಳೆದುಕೊಳ್ಳುತ್ತದೆ. ನಮ್ಮ ಚಳಿಗೆ ಇದು ತುಂಬಾ ಮುಖ್ಯ. ಡಬ್ಬ ಲೋಹದ್ದು, ಉದ್ದನೆಯದು, ಮುಚ್ಚಳ ಇರುವುದು. ಬೆಂಕಿ ಹತ್ತಿಕೊಂಡರೆ ಮುಚ್ಚಳ ಹಾಕಬೇಕು, ನೀರು ಎರಚಬಾರದು. ಒಲೆಯಿಂದ ಎಣ್ಣೆಗೆ ಒಂದು ಹೆಜ್ಜೆಗಿಂತ ದೂರ ಇರಬಾರದು. ಅಲಗು ತಣಿಯಬೇಕಾದ್ದು ಎಣ್ಣೆಯಲ್ಲಿ, ಗಾಳಿಯಲ್ಲಿ ಅಲ್ಲ.

ಈಗ ನೋಡಿ. ಮೊನೆ ಕೆಳಗೆ ಮಾಡಿ ನೇರ ಇಳಿಸುತ್ತಿದ್ದೇನೆ. ಮೇಲೆ ಕೆಳಗೆ ಆಡಿಸಬಹುದು, ಅಡ್ಡಕ್ಕೆ ಅಲುಗಿಸಿದರೆ ಬಾಗುತ್ತದೆ. ಹೊರಗೆ ತೆಗೆದು ಅರ ಎಳೆಯುತ್ತೇನೆ. ಜಾರುತ್ತಿದೆ, ಕಚ್ಚುತ್ತಿಲ್ಲ, ಕಂಡಿರಲ್ಲ? ಅಂದರೆ ಗಟ್ಟಿಯಾಗಿದೆ. ಈ ಹೊತ್ತಿನಲ್ಲಿ ಅದು ಗಾಜಿನ ಥರ. ನೆಲಕ್ಕೆ ಬಿದ್ದರೆ ಎರಡು ಚೂರು.

ಆ ಪೆಡಸುತನ ಇಳಿಸಲು ತಡ ಮಾಡದೆ ಓಟಿಜಿಗೆ. ಹೌದು, ಕೇಕ್ ಬೇಯಿಸುವ ಓಟಿಜಿಯೇ. ಅವ್ವ ಹಾಕಿದ ಷರತ್ತು ಒಂದೇ, "ಎಣ್ಣೆ ವಾಸನೆ ಬರಬಾರದು ನೋಡು." ಸೋಪು ಹಾಕಿ ತೊಳೆದು, ಒರೆಸಿ, ಸ್ಯಾಂಡ್ ಪೇಪರ್‌ನಿಂದ ಒಂದು ಕಡೆ ಹೊಳಪು ಬರಿಸಿ ಇಡುತ್ತೇನೆ. 200 ಡಿಗ್ರಿ, ಎರಡು ಗಂಟೆ. ತಣ್ಣಗಾದ ಮೇಲೆ ಮತ್ತೆ ಎರಡು ಗಂಟೆ. ಓಟಿಜಿಯ ಗುಂಡಿಯನ್ನು ನಂಬಬೇಡಿ, ಒಳಗಿಡುವ ಚಿಕ್ಕ ಓವನ್ ಥರ್ಮಾಮೀಟರ್ ಒಂದನ್ನು ಕೊಳ್ಳಿ. ಹೊಳಪು ಬರಿಸಿದ ಜಾಗ ಒಣಹುಲ್ಲಿನ ಬಣ್ಣಕ್ಕೆ ಬಂದರೆ ಸರಿಯಾಗಿದೆ. ನೀಲಿಗೆ ಹೋದರೆ 300ರ ಹತ್ತಿರ ಮುಟ್ಟಿದೆ ಅಂತ. ಅಂಥ ಅಲಗಿನ ಹರಿತ ಬೇಗ ಮೊಂಡಾಗುತ್ತದೆ.

ಹಿಡಿಗೆ ಅಂಗಡಿಯಿಂದ ಏನೂ ತರಬೇಕಾಗಿಲ್ಲ. ಕಿತ್ತು ಹಾಕಿದ ಹಳೇ ರೊಬಸ್ಟಾ ಗಿಡದ ಬುಡ ಸಾಕು. ಕಾಫಿ ಕಟ್ಟಿಗೆ ಬಿಳಿಚು, ಗಟ್ಟಿ, ನುಣ್ಣಗೆ ಬರುತ್ತದೆ. ಆದರೆ ಹಸಿಯದು ಬೇಡ, ಹಿಡಿ ಕೂರಿಸಿದ ಮೇಲೆ ಕುಗ್ಗಿ ಸೀಳುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಂದೆರಡು ಬೇಸಿಗೆ ಕಂಡ ತುಂಡು ಹುಡುಕಿ. ಬೀಟೆ ಚೆಂದ ಅಂತ ಮರ ಕಡಿಯಲು ಹೋಗಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಎರಡು ಹಲಗೆ, ಹಿತ್ತಾಳೆ ಕಡ್ಡಿ, ಅರಾಲ್ಡೈಟ್. ಅಂಟಿಸುವ ಮೈಯನ್ನು 80 ನಂಬರ್ ಪೇಪರ್‌ನಿಂದ ಒರಟು ಮಾಡಿ, ಥಿನ್ನರ್‌ನಲ್ಲಿ ಒರೆಸಿ. ಕ್ಲಾಂಪ್ ಅತಿ ಬಿಗಿ ಮಾಡಿದರೆ ಅಂಟೆಲ್ಲ ಹೊರಗೆ ಬಂದುಬಿಡುತ್ತದೆ. ಒಂದು ದಿನ ಹಾಗೇ ಬಿಡಿ. ಬಾಯಿಗೆ ಟೇಪ್ ಸುತ್ತಿಡಲು ಮರೆಯಬೇಡಿ.

ಹರಿತಕ್ಕೆ ಎರಡು ಮುಖದ ಸಾಣೆಕಲ್ಲು. ಪ್ರತಿ ಕಡೆ 15ರಿಂದ 20 ಡಿಗ್ರಿ ಓರೆ. ಒಂದು ಕಡೆ ಉಜ್ಜಿದಾಗ ಇನ್ನೊಂದು ಕಡೆ ಸಣ್ಣ ಮುಳ್ಳಂಚು ಬೆರಳಿಗೆ ಸಿಗುತ್ತದೆ. ಅದು ಉದ್ದಕ್ಕೂ ಸಿಕ್ಕಿದ ಮೇಲೆ ಮಗ್ಗುಲು ಬದಲಿಸಿ.

ಕೊನೆಯದಾಗಿ ತುಕ್ಕು. ಇದು ಸ್ಟೇನ್‌ಲೆಸ್ ಅಲ್ಲ, ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ಕೆಂಪು ಚುಕ್ಕಿ. ಅದಕ್ಕೆ ನಾನು ಮೊದಲೇ ಕಾಚಂಪುಳಿ, ಅಂದರೆ ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ, ಸವರುತ್ತೇನೆ. ಹುಳಿ ತಾಗಿದ ಕೂಡಲೇ ಅಲಗು ಮಂಕಾಗಿ, ಬೂದಿ ಬಣ್ಣಕ್ಕೆ ತಿರುಗುತ್ತದೆ. ತೊಳೆದು ಇನ್ನೊಮ್ಮೆ ಸವರಿದರೆ ಕಡುಬೂದು, ಅಲ್ಲಲ್ಲಿ ನೀಲಿ ಛಾಯೆ. ಆ ಪದರ ಕೆಂಪು ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ಪಂದಿ ಕರಿಗೆ ಮಾಂಸ ಹೆಚ್ಚಿದ ಮೇಲೆ ತಕ್ಷಣ ತೊಳೆದು, ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಇಡಿ.

ನನ್ನ 5,000ದಲ್ಲಿ ದೊಡ್ಡ ಪಾಲು ಹೋಗಿದ್ದು ವೈಸ್, ಅರ ಮತ್ತು ಸ್ಟೀಲಿಗೆ. ಸ್ಟೀಲ್ ತರಿಸುವಾಗ ಒಂದೇ ಚಾಕುವಿಗೆ ಆಗುವಷ್ಟು ತರಿಸಬೇಡಿ, ಒಂದಿಷ್ಟು ಹೆಚ್ಚಿಗೆ ತರಿಸಿ. ಉಳಿದ ತುಂಡೊಂದನ್ನು ಮೊದಲು ಕಾಯಿಸಿ, ಎಣ್ಣೆಗೆ ಹಾಕಿ, ಬಟ್ಟೆ ಸುತ್ತಿ ವೈಸಿಗೆ ಕಟ್ಟಿ ಸುತ್ತಿಗೆಯಿಂದ ಮುರಿದು ನೋಡಿ. ಮುರಿದ ಮೈ ನುಣ್ಣಗೆ, ಬೂದು ರೇಷ್ಮೆಯಂತೆ ಕಂಡರೆ ನಿಮ್ಮ ಬಿಸಿ ಸರಿಯಾಗಿದೆ. ಸಕ್ಕರೆ ಹರಳಿನ ಹಾಗೆ ಮಿನುಗಿದರೆ ಅತಿ ಕಾಯಿಸಿದ್ದೀರಿ, ಇನ್ನೊಂದು ತುಂಡು ತೆಗೆದುಕೊಳ್ಳಿ. ಚಾಕುವನ್ನು ಬೆಂಕಿಗೆ ಇಡುವುದು ಅದಾದ ಮೇಲೆ.